ಒಂದೇ ರೈಫಲ್, ಮೂರು ಬಗೆಯ ಗುಂಡು: ಕೈಯಾರೆ ತುಂಬಿದ ಬೇಟೆ ತೋಟಾಗಳ ಹೋಲಿಕೆ

ಬೇಟೆಗೆ ಬೇಕಾದ ತೋಟಾವನ್ನು ತಾವೇ ತುಂಬುವವರು ಮೊದಲು ಆರಿಸಿಕೊಳ್ಳಬೇಕಾದದ್ದು ಗುಂಡನ್ನು. ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್, ಕೇಸಿನ ಬಾಯಲ್ಲಿ ಗುಂಡು ಕೂರಿಸುವ ಆಳ ಇವೆಲ್ಲ ಅದನ್ನು ಅನುಸರಿಸಿ ಬರುತ್ತವೆ. ತಾಮ್ರದ ಹೊದಿಕೆಯೊಳಗೆ ಸೀಸ ತುಂಬಿದ ಸಾಧಾರಣ ಗುಂಡು, ನಡುವೆ ಅಡ್ಡಗೋಡೆಯಿರುವ ನೋಸ್ಲರ್ ಪಾರ್ಟಿಶನ್, ಸೀಸವೇ ಇಲ್ಲದ ಅಪ್ಪಟ ತಾಮ್ರದ ಗುಂಡು, ಈ ಮೂರನ್ನೂ ನಾನು ಒಂದೇ .308 ವಿಂಚೆಸ್ಟರ್ ತೋಟಾದ ಬೋಲ್ಟ್ ರೈಫಲ್‌ನಲ್ಲಿ ಹೊಡೆದು ನೋಡಿದ್ದೇನೆ. ಮೂರೂ 165 ಗ್ರೇನ್, ಅಂದರೆ ಸುಮಾರು 10.7 ಗ್ರಾಂ ತೂಕದವು. ಹಿತ್ತಾಳೆಯ ಕೇಸ್‌ಗಳು ಒಂದೇ ತಯಾರಿಕೆಯವು, ಪ್ರೈಮರ್ ಒಂದೇ ಬಗೆಯದು. ಬಿಸಿಲು ಚಳಿಗೆ ಹೆಚ್ಚು ಬದಲಾಗದ ಒಂದೇ ಮದ್ದನ್ನು, ಆಯಾ ಗುಂಡಿಗೆ ಹೇಳಿದ ಅಳತೆಯಲ್ಲಿ, ಪ್ರತಿ ಸಲವೂ ತೂಗಿಯೇ ತುಂಬಿದೆ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ, ನಳಿಗೆಯಿಂದ ಹೊರಬಂದ ಬಟ್ಟೆಯ ತುಂಡಿನಲ್ಲಿ ತಾಮ್ರದ ನೀಲಿ-ಹಸಿರು ಕಲೆ ಪೂರ್ತಿ ಮಾಯವಾಗುವವರೆಗೆ ಉಜ್ಜಿ ತೆಗೆಯುತ್ತಿದ್ದೆ. ಹಿಂದಿನ ಗುಂಡು ಬಿಟ್ಟುಹೋದ ಲೋಹದ ಮೇಲೆ ಮುಂದಿನದನ್ನು ಹೊಡೆದರೆ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ.

ಸಾಧಾರಣ ಸೀಸದ ಗುಂಡು ತುಂಬುವವನಿಗೆ ಅತಿ ಕಡಿಮೆ ತೊಂದರೆ ಕೊಡುತ್ತದೆ. ಅದನ್ನು ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೆರೆಗಳಿಗೆ ಹತ್ತಿರ ಕೂರಿಸಿದರೂ ತುಸು ದೂರ ಕೂರಿಸಿದರೂ 100 ಮೀಟರಿನಲ್ಲಿ ಗುಂಪು, ಅಂದರೆ ಗುರಿಹಲಗೆಯ ಮೇಲೆ ಈಡುಗಳು ಹರಡುವ ಅಗಲ, ಮೂರು ಸೆಂಟಿಮೀಟರಿನ ಆಸುಪಾಸಿನಲ್ಲೇ ಬೀಳುತ್ತಿತ್ತು. ವೇಗ ತಗ್ಗಿದ ದೂರದಲ್ಲಿಯೂ, ಸುಮಾರು ಸೆಕೆಂಡಿಗೆ 550 ಮೀಟರಿನವರೆಗೆ, ಅದು ಪ್ರಾಣಿಯ ಮೈಯೊಳಗೆ ಅರಳುತ್ತದೆ, ಅಂದರೆ ಮುಂಭಾಗ ಚಪ್ಪಟೆಯಾಗಿ ಅಗಲವಾಗುತ್ತದೆ. ಜಿಂಕೆಯ ಪಕ್ಕೆಗೆ ಇದು ಧಾರಾಳವಾಗಿ ಸಾಕು. ಆದರೆ ಸಮೀಪದಿಂದ ಹೆಗಲೆಲುಬಿಗೆ ತಗುಲಿದಾಗ ಹೊದಿಕೆ ಒಂದು ಕಡೆ, ಸೀಸ ಇನ್ನೊಂದು ಕಡೆ ಬೇರ್ಪಟ್ಟು ಗುಂಡು ಅರ್ಧ ತೂಕವನ್ನೇ ಕಳೆದುಕೊಳ್ಳುವುದುಂಟು. ಆ ಸೀಸದ ಕಣಗಳು ಗಾಯದಿಂದ ದೂರದ ಮಾಂಸದಲ್ಲೂ ಸೇರಿಕೊಂಡಿರುವುದು ಎಕ್ಸ್‌-ರೇಯಲ್ಲಿ ಕಾಣುತ್ತದೆ; ಕಣ್ಣಿಗೆ ಕಾಣದ್ದನ್ನು ಚಾಕು ಬಿಡಿಸಲಾರದು. ಮನೆಮಂದಿ ತಿನ್ನುವ ಮಾಂಸವೆಂಬುದರಿಂದ ಈ ಒಂದು ಸಂಗತಿ ನನಗೆ ಗುಂಪಿನ ಅಳತೆಗಿಂತ ಹೆಚ್ಚು ಭಾರವಾಗಿ ತೋರುತ್ತದೆ.

ತಾಮ್ರದ ಗುಂಡಿನ ಲೆಕ್ಕವೇ ಬೇರೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 8.9, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ. ಉಳಿದ ವ್ಯತ್ಯಾಸಗಳಲ್ಲಿ ಬಹುಪಾಲು ಈ ಉದ್ದದಿಂದಲೇ ಹುಟ್ಟುತ್ತವೆ. ಉದ್ದನೆಯ ಗುಂಡು ಕೇಸಿನೊಳಗೆ ಹೆಚ್ಚು ಜಾಗ ಹಿಡಿಯುವುದರಿಂದ ಅಷ್ಟೇ ಮದ್ದಿಗೆ ಒತ್ತಡ ಏರಬಹುದು. ತೂಕ ಒಂದೇ ಎಂಬ ಕಾರಣಕ್ಕೆ ಸೀಸದ ಗುಂಡಿನ ಮದ್ದಿನ ಅಳತೆಯನ್ನು ಇದಕ್ಕೆ ಬಳಸುವುದು ಅಪಾಯ, ಆ ಗುಂಡಿನ ತಯಾರಕರೇ ಪ್ರಕಟಿಸಿದ ಕೋಷ್ಟಕದ ಕೆಳಗಿನ ಅಂಕಿಯಿಂದ ಹೊಸದಾಗಿ ಆರಂಭಿಸಬೇಕು. ಅದು ಗಾಳಿಯಲ್ಲಿ ಸ್ಥಿರವಾಗಿ ತಿರುಗಲು ನಳಿಗೆಯ ಸುರುಳಿಯೂ ಬಿಗಿಯಾಗಿರಬೇಕು. ಹನ್ನೆರಡು ಇಂಚಿಗೆ ಒಂದು ಸುತ್ತಿನ ಹಳೆಯ ನಳಿಗೆಗಿಂತ ಹತ್ತು ಇಂಚಿಗೆ ಒಂದು ಸುತ್ತಿನದು ಇದಕ್ಕೆ ಒಗ್ಗುತ್ತದೆ.

ಇನ್ನು ಕೂರಿಸುವ ಆಳ. ಸೀಸದ ಗುಂಡಿಗೆ ಹಿತವಾಗಿದ್ದಂತೆ ಸುರುಳಿಗೆರೆಗಳಿಂದ ಅರ್ಧ ಮಿಲಿಮೀಟರ್ ದೂರ ಬಿಟ್ಟು ಹೊಡೆದಾಗ ತಾಮ್ರದ ಗುಂಡುಗಳು ಐದು ಸೆಂಟಿಮೀಟರಿನಷ್ಟು ಚದುರಿದವು. ಮದ್ದನ್ನು ತುಸು ಹೆಚ್ಚು ಕಡಿಮೆ ಮಾಡಿದರೂ ಗುಂಪು ಕೂಡಲಿಲ್ಲ. ಮದ್ದನ್ನು ಮೊದಲಿನ ಕೆಳಗಿನ ಅಂಕಿಗೇ ತಂದು, ಆ ದೂರವನ್ನು 1.3 ಮಿಲಿಮೀಟರಿಗೆ ಹೆಚ್ಚಿಸಿದ ಮೇಲೆ ಅದೇ ಗುಂಡುಗಳು ಎರಡೂವರೆ ಸೆಂಟಿಮೀಟರಿನೊಳಗೆ ಬಿದ್ದವು. ಈ ದೂರವನ್ನು ಗುಂಡಿನ ತುದಿಯಿಂದ ಅಳೆಯಬಾರದು, ತುದಿಗಳು ಒಂದರಿಂದ ಒಂದಕ್ಕೆ ವ್ಯತ್ಯಾಸವಾಗುತ್ತವೆ; ಗುಂಡಿನ ಬಾಗು ಸುರುಳಿಗೆರೆಗೆ ತಾಗುವ ಜಾಗದಿಂದ, ಕ್ಯಾಲಿಪರ್‌ಗೆ ಆ ಬಾಗನ್ನು ಹಿಡಿಯುವ ಕಂಪೇರೇಟರ್ ಎಂಬ ತುಂಡನ್ನು ಸಿಕ್ಕಿಸಿ ಅಳೆಯಬೇಕು.

ಪ್ರಾಣಿಯ ಮೈಯಲ್ಲಿ ತಾಮ್ರದ ಗುಂಡು ನಡೆದುಕೊಳ್ಳುವ ರೀತಿಯನ್ನು ನಾನು ತುಂಬ ಮೆಚ್ಚುತ್ತೇನೆ. ಹೆಚ್ಚಿನವು ಆಚೆ ಬದಿಗೆ ತೂರಿ ಹೋಗುತ್ತವೆ. ಆಚೆ ಚರ್ಮದಡಿ ಸಿಕ್ಕಿದ ಒಂದರಲ್ಲಿ ನಾಲ್ಕು ದಳಗಳು ಹಿಂದಕ್ಕೆ ಮಡಚಿ ಹಾಗೆಯೇ ಉಳಿದಿದ್ದವು, ತೂಗಿದಾಗ ತೂಕ ಹೆಚ್ಚುಕಡಿಮೆ ಪೂರ್ತಿಯಾಗಿತ್ತು. ಆದರೆ ದಳ ಬಿಚ್ಚಲು ಅದಕ್ಕೆ ಸೀಸಕ್ಕಿಂತ ಹೆಚ್ಚು ವೇಗ ಬೇಕು, ಸಾಮಾನ್ಯವಾಗಿ ಸೆಕೆಂಡಿಗೆ 600 ಮೀಟರಿಗೂ ಮೇಲೆ. ತೂಕ ಕಳೆದುಕೊಳ್ಳದ ಗುಂಡಿಗೆ ಆರಂಭದ ತೂಕ ಕಡಿಮೆಯಿದ್ದರೂ ನಡೆಯುತ್ತದೆ, ಹಗುರಾದಷ್ಟೂ ವೇಗ ಸಿಗುತ್ತದೆ. ಆದ್ದರಿಂದ ಹೋಲಿಕೆ ಮುಗಿದ ಮೇಲೆ ತಾಮ್ರದಲ್ಲಿ ನಾನು 150 ಗ್ರೇನ್‌ಗೆ ಇಳಿದಿದ್ದೇನೆ.

ಪಾರ್ಟಿಶನ್ ಇವೆರಡರ ನಡುವಿನದು. 1946ರಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಯಲ್ಲಿ ತನ್ನ ಗುಂಡು ಒಳಹೋಗದೆ ಸೋತದ್ದನ್ನು ಕಂಡ ಜಾನ್ ನೋಸ್ಲರ್ ರೂಪಿಸಿದ ಈ ಗುಂಡು 1948ರಿಂದ ಮಾರಾಟದಲ್ಲಿದೆ. ಅದರ ಮುಂಭಾಗ ಬೇಗ ಅರಳಿ ಸವೆಯುತ್ತದೆ, ಅಡ್ಡಗೋಡೆಯ ಹಿಂದಿನ ಭಾಗ ಗಟ್ಟಿಯಾಗಿ ಮುಂದೊತ್ತುತ್ತದೆ. ಗುಂಪು ನನ್ನ ರೈಫಲ್‌ನಲ್ಲಿ ನಾಲ್ಕು ಸೆಂಟಿಮೀಟರಿಗಿಂತ ಕೆಳಗೆ ಸುಲಭವಾಗಿ ಇಳಿಯಲಿಲ್ಲ. ಬೇಟೆಗೆ ಅದು ಕೊರತೆಯೇನಲ್ಲ. ಜಿಂಕೆಯ ಎದೆಯಲ್ಲಿ ಮರ್ಮದ ಜಾಗ ಸುಮಾರು ಇಪ್ಪತ್ತು ಸೆಂಟಿಮೀಟರ್ ಅಗಲ. ನಾಲ್ಕು ಸೆಂಟಿಮೀಟರಿನ ಗುಂಪು 200 ಮೀಟರಿನಲ್ಲಿ ಎಂಟಾಗುತ್ತದೆ ಅಷ್ಟೆ. ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲನೆಯ ಈಡು ಪ್ರತಿ ಬೆಳಗ್ಗೆಯೂ ಅದೇ ಜಾಗಕ್ಕೆ ಬೀಳುವುದೇ ಮುಖ್ಯ, ಮತ್ತು ಅದರಲ್ಲಿ ಮೂರೂ ಗುಂಡುಗಳು ಸಮಾನವಾಗಿ ನಂಬಿಕೆ ಉಳಿಸಿಕೊಂಡವು.

ಹಾಗಾಗಿ ಎಲ್ಕ್‌ನಂಥ ದೊಡ್ಡ ಪ್ರಾಣಿಗೆ, ಹಾಗೂ ಮಾಂಸ ಮನೆಗೆ ಬರುವ ಯಾವ ಬೇಟೆಗೂ, ನಾನು ತಾಮ್ರದ ಗುಂಡನ್ನೇ ಆರಿಸುತ್ತೇನೆ. ಸುರುಳಿ ಸಡಿಲವಿರುವ ಹಳೆಯ ರೈಫಲ್ ಉಳ್ಳವರಿಗೆ ಪಾರ್ಟಿಶನ್ ಒಳ್ಳೆಯದು. ಸಾಧಾರಣ ಗುಂಡನ್ನು ಗುರಿಹಲಗೆಯ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ಅದು ತಾಮ್ರದ್ದಕ್ಕಿಂತ ಬೇರೆ ಎತ್ತರಕ್ಕೆ ಬೀಳುವುದರಿಂದ, ಬೇಟೆಗೆ ಹೊರಡುವ ಮುನ್ನ ದುರ್ಬೀನನ್ನು ಬೇಟೆಯ ತೋಟಾದಿಂದಲೇ ಮತ್ತೆ ಹೊಂದಿಸಿಕೊಳ್ಳುತ್ತೇನೆ.