ವೀರ್ಯದ ರಿಪೋರ್ಟಿನಲ್ಲಿ ‘4%’ ಕಂಡು ಇಕ್ಸಿಗೆ ದುಡ್ಡು ಕಟ್ಟುವ ಮೊದಲು

ಕಾರವಾರದ ಕಡೆಯ ದಂಪತಿಯೊಬ್ಬರಿಗೆ ಆದದ್ದಿದು. ಗುರುತು ಬಿಟ್ಟು ಬರೆಯುತ್ತಿದ್ದೇವೆ. ಹೆಂಡತಿಗೆ 42 ವರ್ಷ. ಗಂಡನ ರಿಪೋರ್ಟಿನಲ್ಲಿ ಸರಿಯಾದ ಆಕಾರದ ವೀರ್ಯಾಣು 4% ಎಂದಿತ್ತು. ಘಟ್ಟದ ಮೇಲಿನ ಐವಿಎಫ್ ಕೇಂದ್ರವೊಂದರಲ್ಲಿ ‘ನೂರಕ್ಕೆ 96 ಹಾಳು’ ಎಂದು ಹೆದರಿಸಿ ಇಕ್ಸಿಗೆ (ಅಂಡಾಣುವಿನೊಳಗೆ ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಚುಚ್ಚಿ ಸೇರಿಸುವುದು) ಒಪ್ಪಿಸಿದರು, ಅದರ ಮೇಲೆ ಪಿಕ್ಸಿಗೂ (ಚುಚ್ಚಲು ಪಕ್ವ ವೀರ್ಯಾಣುವನ್ನು ಆರಿಸುವ ಹೆಚ್ಚುವರಿ ವಿಧಾನ) ಹಣ ಕಟ್ಟಿಸಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಪಾಸ್ ಮಾರ್ಕೇ 4%. ಮಕ್ಕಳಾದ ಗಂಡಸರಲ್ಲೂ ಬಹುಪಾಲು ವೀರ್ಯಾಣುಗಳ ಆಕಾರ ಸರಿ ಇರುವುದಿಲ್ಲ. ಸಂಖ್ಯೆ ಮಿಲಿಲೀಟರಿಗೆ 1.6 ಕೋಟಿ, ಚಲನೆ 42% ಇದ್ದರೆ ಅವೂ ಮಿತಿಯೊಳಗೇ. ಇವರ ರಿಪೋರ್ಟಿನಲ್ಲಿ ಮೂರೂ ಸರಿಯಿದ್ದವು.

ಇಕ್ಸಿಯಿಂದ ಮೊದಲ ಗರ್ಭಧಾರಣೆಗಳು ವರದಿಯಾದದ್ದು 1992ರಲ್ಲಿ, ಬ್ರಸೆಲ್ಸಿನಿಂದ. ವೀರ್ಯಾಣು ತೀರಾ ಕಡಿಮೆ ಇದ್ದಾಗ, ವೃಷಣದಿಂದ ಸೂಜಿ ಹಾಕಿ ತೆಗೆದಾಗ, ಹಿಂದಿನ ಐವಿಎಫ್‌ನಲ್ಲಿ ಅಂಡಾಣು ಫಲಿತವೇ ಆಗದಿದ್ದಾಗ ಅದು ಬೇಕೇ ಬೇಕು. ಆದರೆ 40 ದಾಟಿದ ಮೇಲೆ ಮುಖ್ಯ ತೊಡಕು ಅಂಡಾಣುವಿನ ವರ್ಣತಂತುಗಳಲ್ಲಿ. ಗಾಜಿನ ಸೂಜಿ ಅದನ್ನು ಸರಿಮಾಡದು. ಪಿಕ್ಸಿಯೂ ಅಷ್ಟೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಗರ್ಭಪಾತ ತುಸು ಕಡಿಮೆ ಕಂಡಿತಾದರೂ ಹುಟ್ಟಿದ ಮಕ್ಕಳ ಪ್ರಮಾಣ ಹೇಳಿಕೊಳ್ಳುವಷ್ಟು ಏರಲಿಲ್ಲ.

‘ಆರು ಅಂಡಾಣು ಸಿಕ್ಕಿವೆ’ ಎಂದಷ್ಟೇ ಇವರಿಗೆ ಹೇಳಿದ್ದರು. ಆರಕ್ಕೂ ಚುಚ್ಚಲು ಬರುವುದಿಲ್ಲ. ಸುತ್ತಲಿನ ಜೀವಕೋಶಗಳನ್ನು ಕಿಣ್ವ ಹಾಕಿ ಬಿಡಿಸಿದ ಮೇಲೆ, ಮೊದಲ ಧ್ರುವಕಾಯ (ಅಂಡಾಣು ಪಕ್ವವಾಗುವಾಗ ಹೊರಹಾಕುವ ಪುಟ್ಟ ಕೋಶ) ಕಂಡ ಅಂಡಾಣು ಮಾತ್ರ ಪಕ್ವವಾದದ್ದು. ಅಂಥವು ನಾಲ್ಕಿದ್ದವು. ಸೂಜಿ ತಾಗಿ ಒಂದು ಒಡೆಯಿತು. ವಯಸ್ಸಾದವರ ಅಂಡಾಣುವಿನ ಪೊರೆ ಸಡಿಲವಿದ್ದರೆ ಅಥವಾ ಚುಚ್ಚುವ ಕೈ ಪಳಗಿರದಿದ್ದರೆ ಹೀಗಾಗುತ್ತದೆ. ಎರಡು ಫಲಿತವಾದವು, ಐದನೇ ದಿನಕ್ಕೆ ಎರಡರ ಬೆಳವಣಿಗೆಯೂ ನಿಂತುಹೋಯಿತು. ಇಷ್ಟನ್ನು ತಿಳಿಯಲು ಅವರು ಮೂರು ಸಲ ಅಲೆಯಬೇಕಾಯಿತು. ನಮಗೆ ಹೆಚ್ಚು ಸಂಕಟವಾದದ್ದು ಅದೇ.

ಹಾಗಾಗಿ ಹಣ ಕಟ್ಟುವ ಮೊದಲೇ ಕೇಳಿ: ಇಕ್ಸಿ ಯಾಕೆ, ವೀರ್ಯದ ಯಾವ ಅಂಕಿ ಕಡಿಮೆಯಿದೆ? ‘ವಯಸ್ಸಾಯ್ತಲ್ಲ’ ಎಂಬುದು ಉತ್ತರವಲ್ಲ. ತೆಗೆದ ಅಂಡಾಣು ಎಷ್ಟು, ಪಕ್ವವೆಷ್ಟು, ಒಡೆದದ್ದೆಷ್ಟು, ಚುಚ್ಚಿದ 16ರಿಂದ 18 ಗಂಟೆಗೆ ನೋಡಿದಾಗ ಫಲಿತವಾದದ್ದೆಷ್ಟು ಎಂದು ಲ್ಯಾಬಿನಿಂದ ಬರೆಸಿಕೊಳ್ಳಿ. ಐವಿಎಫ್‌ನಂಥ ಚಿಕಿತ್ಸೆಗಳ 2021ರ ಕಾಯ್ದೆಯಡಿ (ಎಆರ್‌ಟಿ ಕಾಯ್ದೆ) ಕೇಂದ್ರದ ನೋಂದಣಿ ಆಗಿರಬೇಕು, ಅದನ್ನೂ ನೋಡಿ.

ಇನ್ನೊಂದು, ಕರಾವಳಿಯಿಂದ ಹೋಗುವವರಿಗೆ. ಅಂಡಾಣು ಕೊನೆಯ ಹಂತಕ್ಕೆ ಪಕ್ವವಾಗಲು ಕೊಡುವ ಟ್ರಿಗರ್ ಇಂಜೆಕ್ಷನ್ ಹಾಕಿ ಸುಮಾರು 36 ಗಂಟೆಗೆ ಅಂಡಾಣು ತೆಗೆಯಬೇಕು. ತಡವಾದರೆ ಅಂಡಾಣು ಇರುವ ಕೋಶಿಕೆ ಒಡೆದು ಅಂಡಾಣು ಕೈಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಅರಬೈಲು ಘಟ್ಟವನ್ನು ನಂಬಿ ಅದೇ ಬೆಳಿಗ್ಗೆ ಹೊರಡಬೇಡಿ, ಹಿಂದಿನ ರಾತ್ರಿಯೇ ಹುಬ್ಬಳ್ಳಿಯಲ್ಲಿ ಉಳಿಯಿರಿ.