ಎಡಗಾಲಿಗೆ ಮುಲಾಮು, ಬಲಗಾಲಿಗೆ ಜೆಲ್

ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿದ್ದು ಹರಕೆಗೆ, ಇಳಿದದ್ದು ಹಟಕ್ಕೆ. ಬಸ್ಸಿನ ಸಾಲು ನೋಡಿ "ಮೆಟ್ಟಿಲಲ್ಲೇ ಹೋಗೋಣ, ಇಳಿಯೋದೇನು ಮಹಾ" ಅಂದವಳು ನಾನೇ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲುಗಳು, ಸಾವಿರದಷ್ಟಿವೆ. ಮಾರನೇ ದಿನ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಎರಡೂ ತೊಡೆ, ಮೀನಖಂಡ ಕಲ್ಲಾಗಿದ್ದವು. ಬಚ್ಚಲಿಗೆ ಗೋಡೆ ಹಿಡಿದು ಹೋದೆ.

ಹತ್ತುವಾಗ ಏದುಸಿರು ಬರುತ್ತದೆ, ಆದರೆ ಸ್ನಾಯುವಿಗೆ ಪೆಟ್ಟು ಬೀಳುವುದು ಇಳಿಯುವಾಗ. ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆಗ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ ಆಗುತ್ತದೆ. ನೋವು ಎರಡನೇ ಮೂರನೇ ದಿನಕ್ಕೆ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ನಮ್ಮ ಮನೆಯಲ್ಲಿ ನೋವು ಅಂದರೆ ಅತ್ತೆಯ ಹಳದಿ ಮುಲಾಮು. ತಲೆ, ಮೊಣಕಾಲು, ಶೀತ, ಎಲ್ಲಕ್ಕೂ ಅದೇ. ಯಜಮಾನರು ಷಟಲ್ ಆಡುವವರು, ಅವರ ಕಿಟ್‌ನಲ್ಲಿ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧಿಯ ಜೆಲ್ ಇರುತ್ತದೆ. ಯಾವುದು ಮೇಲು ಅಂತ ಇಬ್ಬರಿಗೂ ಹಳೇ ಜಗಳ. ಎರಡು ಕಾಲೂ ಒಂದೇ ಸಮ ನೋಯುತ್ತಿವೆಯಲ್ಲ, ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತದಾ? ಎಡಗಾಲಿಗೆ ಮುಲಾಮು, ಬಲಗಾಲಿಗೆ ಜೆಲ್. ದಿನಕ್ಕೆ ಮೂರು ಸಲ, ಮೂರು ದಿನ.

ಮುಲಾಮು ಹತ್ತು ನಿಮಿಷದಲ್ಲಿ ಗೆದ್ದಿತು. ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ, ಕಾಲು ಹಗುರಾದ ಹಾಗೆ. ಬಲಗಾಲಿನಲ್ಲಿ ಏನೂ ಇಲ್ಲ, ಸುಮ್ನೆ ಜಿಗಟು. ಅತ್ತೆ "ನೋಡಿದೆಯಾ" ಅಂತ ಒಂದು ನೋಟ ಬೀರಿದರು. ಮುಕ್ಕಾಲು ಗಂಟೆಯಲ್ಲಿ ಮುಲಾಮಿನ ಆಟ ಮುಗಿಯಿತು, ನೋವು ಎಲ್ಲಿತ್ತೋ ಅಲ್ಲೇ. ಜೆಲ್ ಹಚ್ಚಿದ ಕಾಲು ಮಾತ್ರ ಎರಡನೇ ದಿನ ಸಂಜೆಗೆ ಮೆಟ್ಟಿಲಿಳಿಯುವಾಗ ಕಮ್ಮಿ ಕಾಡಿತು. ವ್ಯತ್ಯಾಸ ದೊಡ್ಡದೇನಲ್ಲ, ಇತ್ತು ಅಂತ ಹೇಳಬಹುದು ಅಷ್ಟೇ. ವಾಸನೆಯಿಂದಲೇ ಯಾವ ಕಾಲಿಗೆ ಯಾವುದು ಅಂತ ಗೊತ್ತಾಗುತ್ತಿದ್ದುದರಿಂದ ಇದನ್ನು ಪಕ್ಕಾ ಪರೀಕ್ಷೆ ಅಂತ ನಾನೂ ಅನ್ನುವುದಿಲ್ಲ.

ಹೀಗೇಕೆ ಅಂತ ಆಮೇಲೆ ಓದಿದೆ. ಇಂಥ ಮುಲಾಮುಗಳಲ್ಲಿ ಸಾಮಾನ್ಯವಾಗಿ ಕರ್ಪೂರ, ಪುದೀನ ಸತ್ವ ಅಂದರೆ ಮೆಂಥಾಲ್, ನೀಲಗಿರಿ ಎಣ್ಣೆ, ವಿಂಟರ್‌ಗ್ರೀನ್ ಎಣ್ಣೆ ಇರುತ್ತವೆ. ತಂಪನ್ನು ಗುರುತಿಸುವ ನರದ ತುದಿಯನ್ನು ಮೆಂಥಾಲ್ ತಟ್ಟುತ್ತದೆ. ಚರ್ಮ ನಿಜವಾಗಿ ತಣ್ಣಗಾಗಿರುವುದಿಲ್ಲ, ಮೆದುಳಿಗೆ ಹಾಗನ್ನಿಸುತ್ತದೆ. ಮೆಣಸಿನಕಾಯಿಯ ಖಾರ ಬಿಸಿಯ ತುದಿಯನ್ನು ತಟ್ಟುವುದೂ ಹೀಗೇ. ಬಿಸಿ ಮತ್ತು ಸ್ಪರ್ಶವನ್ನು ನರದಲ್ಲಿ ಗುರುತಿಸುವ ಗ್ರಾಹಕಗಳನ್ನು ಕಂಡುಹಿಡಿದ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ತಂಪು, ಉರಿಗಳ ಗಲಾಟೆಯಲ್ಲಿ ನೋವಿನ ಸುದ್ದಿ ಮಂಕಾಗುತ್ತದೆ. ಅದು ಮೋಸ ಅಲ್ಲ, ಮುಕ್ಕಾಲು ಗಂಟೆಯ ನೆಮ್ಮದಿಗೂ ಬೆಲೆ ಇದೆ. ಆದರೆ ಅತ್ತೆ ಹೇಳುವ "ಉರೀತಿದ್ರೆ ಒಳಗೆ ಇಳೀತಿದೆ ಅಂತ ಅರ್ಥ" ಅನ್ನುವ ಮಾತನ್ನು ಒಪ್ಪುವುದು ಕಷ್ಟ.

ವಿಂಟರ್‌ಗ್ರೀನ್ ಎಣ್ಣೆ ಬಗ್ಗೆ ಒಂದು ಮಾತು. ಊಟಿಗೆ ಹೋದವರೆಲ್ಲ ನೀಲಗಿರಿ ಎಣ್ಣೆಯ ಜೊತೆ ಇದರದ್ದೂ ಒಂದು ಬಾಟಲಿ ತರುತ್ತಾರೆ. ಇದು ಹೆಚ್ಚುಕಮ್ಮಿ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್‌ನ ಹತ್ತಿರದ ನೆಂಟ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಹೊಟ್ಟೆಗೆ ಹೋದರೆ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದ ಹಾಗೆ. ಪುಟ್ಟ ಮಕ್ಕಳಿಗೆ ಜೀವಕ್ಕೇ ಅಪಾಯ. ನಮ್ಮನೆಯಲ್ಲಿ ಆ ಬಾಟಲಿ ದೇವರ ಗೂಡಿನ ಪಕ್ಕ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿತ್ತು. ಅವತ್ತೇ ಅಟ್ಟಕ್ಕೆ ಹೋಯಿತು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಇಂಥ ಎಣ್ಣೆಯನ್ನು ಮೈಗೆ ಬಳಿದುಕೊಳ್ಳುವ ಮುಂಚೆಯೂ ಡಾಕ್ಟರನ್ನು ಕೇಳಬೇಕು.

ಇನ್ನು ಜೆಲ್. ಟ್ಯೂಬಿನ ಹಿಂಬದಿ ಓದಿದರೆ ಅತ್ತೆ-ಮಗನ ಜಗಳ ಅರ್ಧ ಮುಗಿಯುತ್ತದೆ. ವೊಲಿನಿಯನ್ನೇ ತಗೊಳ್ಳಿ: ಡೈಕ್ಲೊಫೆನಾಕ್ ಡೈಈಥೈಲಮೀನ್ 1.16%, ಮೀಥೈಲ್ ಸ್ಯಾಲಿಸಿಲೇಟ್ 10%, ಮೆಂಥಾಲ್ 5%, ಜೊತೆಗೆ ಅಗಸೆ ಎಣ್ಣೆ. ಅಂದರೆ ಮುಲಾಮಿನ ಸಾಮಾನೂ ಅದರೊಳಗೇ ಇದೆ! ಹಾಗಾಗಿ ನನ್ನ ಪರೀಕ್ಷೆಗೆ ಡೈಕ್ಲೊಫೆನಾಕ್ ಒಂದೇ ಇರುವ ಟ್ಯೂಬನ್ನು ಎರಡು ಮೂರು ಮೆಡಿಕಲ್ ಶಾಪ್ ಸುತ್ತಿ ತಂದಿದ್ದೆ. ದಿನನಿತ್ಯಕ್ಕೆ ಅಷ್ಟು ಒದ್ದಾಡಬೇಕಿಲ್ಲ, ಬೆರಕೆ ಜೆಲ್ಲೇ ಸಾಕು. ತಕ್ಷಣದ ತಂಪೂ ಸಿಗುತ್ತದೆ, ನಿಧಾನದ ಕೆಲಸವೂ ಆಗುತ್ತದೆ. ಸ್ಪ್ರೇ ನನಗೆ ಹಿಡಿಸಲಿಲ್ಲ. ಬೆನ್ನಿಗೆ ಒಬ್ಬರೇ ಹೊಡೆದುಕೊಳ್ಳಬಹುದು ಅನ್ನುವುದು ಬಿಟ್ಟರೆ ಬೇಗ ಖಾಲಿ, ಕೋಣೆ ತುಂಬಾ ಘಾಟು.

ಡೈಕ್ಲೊಫೆನಾಕ್ ಹೆಸರು ಕೇಳಿದರೆ ನನಗೆ ರಾಮನಗರದ ರಣಹದ್ದುಗಳು ನೆನಪಾಗುತ್ತವೆ. ದನಗಳಿಗೆ ಇದೇ ಔಷಧಿ ಚುಚ್ಚುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99ಕ್ಕಿಂತ ಜಾಸ್ತಿ ಹೋದವು. 2006ರಲ್ಲಿ ಪಶುಗಳಿಗೆ ಕೊಡುವುದನ್ನು ನಿಷೇಧಿಸಿದರು. ಮನುಷ್ಯರ ಕಿಡ್ನಿ ಅಷ್ಟು ನಾಜೂಕಲ್ಲ ನಿಜ, ಆದರೂ ಈ ಜಾತಿಯ ಮಾತ್ರೆಗಳು ಕಿಡ್ನಿಗೂ ಹೊಟ್ಟೆಗೂ ಭಾರವೇ. ಚರ್ಮಕ್ಕೆ ಹಚ್ಚಿದಾಗ ರಕ್ತಕ್ಕೆ ಸೇರುವುದು ನುಂಗಿದಾಗಿನದರ ಸಣ್ಣ ಪಾಲು ಮಾತ್ರ. ನಾನು ಜೆಲ್ ಕಡೆ ವಾಲುವುದಕ್ಕೆ ಮುಖ್ಯ ಕಾರಣ ಇದು.

ಮೂರು ವಾರ ಕಳೆಯುವಷ್ಟರಲ್ಲಿ ಎರಡನೇ ಪರೀಕ್ಷೆ, ಈ ಸಲ ನಾನು ಕೇಳಿ ತಂದದ್ದಲ್ಲ. ಹಿಟ್ಟು ತುಂಬಿದ ಗ್ರೈಂಡರ್ ಪಾತ್ರೆ ಎತ್ತಿ ಹಾಗೇ ತಿರುಗಿದೆ. ಸೊಂಟದ ಎಡಗಡೆ ಚಳಕು ಹೊಡೆದು ನಿಂತಲ್ಲೇ ನಿಂತೆ. ಮೆಟ್ಟಿಲಿಳಿದ ನೋವೇ ಬೇರೆ, ಇದೇ ಬೇರೆ. ಸ್ನಾಯು ಮುಷ್ಟಿ ಕಟ್ಟಿದ ಹಾಗೆ ಬಿಗಿಯುತ್ತದೆ, ಕೆಮ್ಮಿದರೆ ಜೀವ ಹೋಗುತ್ತದೆ.

ಜೆಲ್ ಇಲ್ಲಿ ನನಗೆ ಅಷ್ಟಕ್ಕಷ್ಟೇ. ಸೊಂಟದ ಸ್ನಾಯು ದಪ್ಪ, ಆಳದಲ್ಲಿದೆ. ಇಲ್ಲಿ ಮೊದಲ ನಂಬರು ಕಾವಿಗೆ. ಬಿಸಿನೀರಿನ ರಬ್ಬರ್ ಚೀಲ, ಕರೆಂಟಿನ ಪ್ಯಾಡ್, ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟು, ಮೂರನ್ನೂ ನೋಡಿದೆ. ಉಪ್ಪಿನ ಗಂಟು ಸೊಂಟದ ಗುಳಿಗೆ ಚೆನ್ನಾಗಿ ಕೂರುತ್ತದೆ, ಆದರೆ ಹತ್ತು ನಿಮಿಷಕ್ಕೊಮ್ಮೆ ಬಾಣಲೆಗೆ ಹೋಗಬೇಕು, ಆ ಕೆಲಸಕ್ಕೆ ಇನ್ನೊಬ್ಬರು ಬೇಕು. ರಬ್ಬರ್ ಚೀಲ ಸೋರುವ ಭಯ. ಪ್ಯಾಡ್‌ನಲ್ಲಿ ಒಂದೇ ಸಮ ಕಾವು, ಮಲಗಿಕೊಂಡೇ ತಗೊಳ್ಳಬಹುದು. ನನ್ನ ಓಟು ಪ್ಯಾಡ್‌ಗೆ. ಹೊತ್ತು ಇಪ್ಪತ್ತು ನಿಮಿಷ, ನಿದ್ದೆ ಬರುವ ಮುಂಚೆ ಸ್ವಿಚ್ ಆಫ್.

ಒಂದು ತಪ್ಪು ಮಾಡಿದೆ. ಮುಲಾಮು ಹಚ್ಚಿ ಅದರ ಮೇಲೇ ಪ್ಯಾಡ್ ಇಟ್ಟೆ, ಬೇಗ ವಾಸಿಯಾಗಲಿ ಅಂತ. ಸಂಜೆಗೆ ಅಂಗೈ ಅಗಲ ಕೆಂಪಾಗಿ ಬೊಬ್ಬೆ ಎದ್ದಿತ್ತು. ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಇರುವ ಹಚ್ಚುವ ಔಷಧಿಗಳಿಂದ ಅಪರೂಪಕ್ಕೆ ಚರ್ಮ ಸುಡುತ್ತದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿತ್ತು. ಅದರ ಮೇಲೆ ಬಿಗಿಯಾಗಿ ಕಟ್ಟಬಾರದು, ಶಾಖ ಕೊಡಬಾರದು. ನನಗೆ ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ. ಮುಲಾಮೋ ಕಾವೋ, ಒಂದು ಸಲಕ್ಕೆ ಒಂದೇ.

ಅಮ್ಮ ಸಾಗರದಿಂದ ಬಸ್ಸಿನಲ್ಲಿ ಲಕ್ಕಿ ಸೊಪ್ಪು ಕಳಿಸಿದರು. ಹಂಡೆ ನೀರಿಗೆ ಹಾಕಿ ಕುದಿಸಿ, ಆ ನೀರು ಸೊಂಟಕ್ಕೆ ಹೊಯ್ದುಕೊಳ್ಳುವುದು ನಮ್ಮ ಕಡೆಯ ಬಾಣಂತಿ ಸ್ನಾನದ ಪಾಠ. ಹೊಯ್ದುಕೊಳ್ಳುವಾಗ ಸ್ವರ್ಗ. ಸೊಪ್ಪಿನ ಗುಣ ಎಷ್ಟು, ಬಿಸಿನೀರಿನ ಗುಣ ಎಷ್ಟು ಅಂತ ಬೇರೆ ಮಾಡುವುದು ನನ್ನಿಂದಾಗಲಿಲ್ಲ. ಮಹಾನಾರಾಯಣ ತೈಲದ್ದೂ ಅದೇ ಕಥೆ, ಅಲ್ಲಿ ಕೆಲಸ ಮಾಡಿದ್ದು ತೈಲವಾ, ತಿಕ್ಕಿದ ಕೈಯಾ? ನಮ್ಮವರ ಕೈಗೆ ಐದು ನಿಮಿಷಕ್ಕೇ ಸುಸ್ತು, ಹಾಗಾಗಿ ಲೆಕ್ಕಕ್ಕೆ ಸಿಗಲಿಲ್ಲ.

ಮಾತ್ರೆಗೆ ಬಂದರೆ, ಮೊದಲ ದಿನ ಎಲ್ಲರ ಹಾಗೆ ಪ್ಯಾರಸಿಟಮಾಲ್ 650 ನುಂಗಿದೆ. ಹದಿನೈದರ ಶೀಟು, ಮೂವತ್ತು ಚಿಲ್ಲರೆ ರೂಪಾಯಿ. ಸೊಂಟಕ್ಕೆ ಅಂಥ ಫರಕು ಕಾಣಲಿಲ್ಲ. ನನಗೊಬ್ಬಳಿಗೇ ಹೀಗಾ ಅಂತ ನೋಡಿದರೆ, 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದಿದೆ. ಹೊಸದಾಗಿ ಸೊಂಟ ಹಿಡಿದುಕೊಂಡ 1,650ರಷ್ಟು ಜನರಿಗೆ ಕೆಲವರಿಗೆ ಪ್ಯಾರಸಿಟಮಾಲ್, ಕೆಲವರಿಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟರು. ವಾಸಿಯಾಗಲು ಹಿಡಿದದ್ದು ಪ್ಯಾರಸಿಟಮಾಲ್‌ನವರಿಗೆ ಸುಮಾರು 17 ದಿನ, ಸುಳ್ಳು ಮಾತ್ರೆಯವರಿಗೆ 16! ಅಲ್ಲಿಗೆ ಅದನ್ನು ಬಿಟ್ಟೆ.

ಐಬುಪ್ರೊಫೆನ್ 400 ಬೇರೆ ತರ. ನಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಊಟದ ಮೇಲೆ ಒಂದೊಂದರ ಹಾಗೆ ಮೂರು ದಿನ ತಗೊಂಡೆ. ಗಂಟೆಯೊಳಗೆ ಎದ್ದು ಓಡಾಡುವಷ್ಟು ಆಯಿತು. ಮೂರನೇ ದಿನ ಎದೆಯುರಿಯೂ ಬಂತು. ಅಲ್ಸರ್, ಕಿಡ್ನಿ ತೊಂದರೆ, ಬಿಪಿ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ಆಸ್ಪಿರಿನ್‌ಗೆ ಉಬ್ಬಸ ಏಳುವವರು ಇದನ್ನು ಸ್ವಂತ ಧೈರ್ಯದಿಂದ ನುಂಗಬಾರದು. ಕಾಂಬಿಫ್ಲಾಮ್‌ನಂಥ ಮಾತ್ರೆಯಲ್ಲಿ ಐಬುಪ್ರೊಫೆನ್ 400 ಜೊತೆ ಪ್ಯಾರಸಿಟಮಾಲ್ 325 ಸೇರಿರುತ್ತದೆ ಅನ್ನುವುದೂ ನೆನಪಿರಲಿ. ಅದರ ಮೇಲೆ 650ರ ಮಾತ್ರೆಗಳನ್ನೂ ನುಂಗುತ್ತಾ ಹೋದರೆ ಪ್ಯಾರಸಿಟಮಾಲ್ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅದರ ಮಿತಿ. 650ರವು ಆರಾದರೆ ಅಲ್ಲಿಗೇ 3.9.

ಮಳೆಗಾಲದಲ್ಲಿ ಈ ಲೆಕ್ಕವೇ ತಿರುಗಾಮುರುಗಾ. ಮೈಕೈ ನೋವಿನ ಜೊತೆ ಜ್ವರ ಇದ್ದರೆ ಅದು ಡೆಂಗಿ ಇರಬಹುದು. ಡೆಂಗಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆಗ ಪ್ಯಾರಸಿಟಮಾಲ್ ಒಂದೇ, ಮತ್ತೆ ರಕ್ತ ಪರೀಕ್ಷೆ. ಸೊಂಟದ ನೋವಿಗೆ ಸೋತ ಮಾತ್ರೆ ಇಲ್ಲಿ ಗೆಲ್ಲುತ್ತದೆ.

ಸ್ನಾಯು ಸಡಿಲಿಸುವ ಮಾತ್ರೆ ಅಂತ ಬೇರೆಯೇ ಇವೆ. ನಾನು ಬಗ್ಗಿ ನಿಂತದ್ದು ನೋಡಿಯೇ ಅಂಗಡಿಯ ಹುಡುಗ ಒಂದು ಶೀಟು ಕತ್ತರಿಸಿ ಕೊಟ್ಟ, ಚೀಟಿ ಕೇಳಲಿಲ್ಲ. ಮನೆಗೆ ಬಂದು ಓದಿದರೆ ಥಯೋಕೊಲ್ಚಿಕೊಸೈಡ್, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು. ವಾಪಸ್ ಕೊಟ್ಟೆ. ಇತ್ತ ಕೆನಡಾದಲ್ಲಿರುವ ಚಿಕ್ಕಮ್ಮನ ಮಗ ಬಂದವನು "ಅಕ್ಕಾ, ನಮ್ಮಲ್ಲಿ ಇದು ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತೆ" ಅಂತ ರೋಬ್ಯಾಕ್ಸಸೆಟ್ ಡಬ್ಬಿ ಕೊಟ್ಟ. ಅದರಲ್ಲಿರುವ ಸ್ನಾಯು ಸಡಿಲಿಸುವ ಔಷಧಿ ಮೆಥೋಕಾರ್ಬಮಾಲ್ ಅಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಪಕ್ಕದ ಅಮೆರಿಕದಲ್ಲಿ ಚೀಟಿ ಬೇಕು. ಈ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಬೆರೆತಿದೆ, ಅಲ್ಲಿ ಅದನ್ನು ಅಸಿಟಾಮಿನೊಫೆನ್ ಅಂತಾರೆ. ಹೆಸರು ಬೇರೆ ಅಂತ ಮೋಸ ಹೋಗಬೇಡಿ. ಡಾಕ್ಟರು ಸರಿ ಅಂದ ಮೇಲೆ ರಾತ್ರಿ ಒಂದು ತಗೊಂಡೆ. ಚೆನ್ನಾಗಿ ನಿದ್ದೆ ಬಂತು, ಬೆಳಿಗ್ಗೆ ಹತ್ತರವರೆಗೂ ತಲೆ ಮಂಕು. ಸೊಂಟ ಸಡಿಲಾಗಿದ್ದು ಮಾತ್ರೆಗಾ, ಎಂಟು ಗಂಟೆ ನಿದ್ದೆಗಾ ಗೊತ್ತಿಲ್ಲ. ಸ್ಕೂಟರ್ ಓಡಿಸಬೇಕಾದ ದಿನಕ್ಕಂತೂ ಅಲ್ಲ.

ಇಷ್ಟೆಲ್ಲ ಮಾಡಿ ಸೊಂಟ ಪೂರ್ತಿ ಸರಿಹೋಗಲು ಹದಿಮೂರು ದಿನ ಹಿಡಿಯಿತು. ಅದರಲ್ಲಿ ಅತಿ ದಂಡವಾದದ್ದು ಮೊದಲ ಎರಡು ದಿನ ಅಲುಗಾಡದೆ ಮಲಗಿದ್ದು. ಎದ್ದು ಮನೆಯೊಳಗೇ ನಡೆಯಲು ಶುರು ಮಾಡಿದ ಮೇಲೆ ಬಿಗಿತ ಬಿಟ್ಟಿತು. ಕಾಲಿಗೆ ಜೋಮು ಇಳಿದರೆ, ಒಂದು ಕಾಲಿನ ಬಲ ಕುಂದಿದರೆ, ಉಚ್ಚೆ-ಕಕ್ಕಸದ ಹಿಡಿತ ತಪ್ಪಿದರೆ, ಬಿದ್ದ ಮೇಲೆ ಶುರುವಾದ ನೋವಾದರೆ ಈ ಹೋಲಿಕೆ ಯಾವುದೂ ನಿಮಗಲ್ಲ, ಆಸ್ಪತ್ರೆಗೆ ಹೋಗಿ.

ಉಳಿದದ್ದು ಯಜಮಾನರ ಕಥೆ. ಷಟಲ್ ಆಡಿ ಬಂದ ದಿನ ರಾತ್ರಿ ಎರಡು ಗಂಟೆಗೆ ಮೀನಖಂಡ ಸೆಟೆದುಕೊಂಡು ಕೂಗುತ್ತಾರೆ. ಇದಕ್ಕೆ ಜೆಲ್, ಮುಲಾಮು, ಮಾತ್ರೆ ಎಲ್ಲವೂ ದಂಡ. ಅವು ಕೆಲಸ ಶುರು ಮಾಡುವಷ್ಟರಲ್ಲಿ ಸೆಳೆತವೇ ಬಿಟ್ಟಿರುತ್ತದೆ. ಎಳನೀರು, ಓಆರ್‌ಎಸ್ ಕುಡಿದು ನೋಡಿದರು. ಬೆವರು ಸುರಿಸಿದ ದಿನಕ್ಕೆ ಒಳ್ಳೆಯದೇ, ಸೆಳೆತವೇನೂ ನಿಲ್ಲಲಿಲ್ಲ. ಆನ್‌ಲೈನಿನಲ್ಲಿ ಮೆಗ್ನೀಸಿಯಂ ಮಾತ್ರೆ ತರಿಸಿ ಒಂದೂವರೆ ತಿಂಗಳು ನುಂಗಿದರು. ವಯಸ್ಸಾದವರ ಸೆಳೆತ ತಡೆಯಲು ಮೆಗ್ನೀಸಿಯಂ ಹೇಳಿಕೊಳ್ಳುವಂಥ ಕೆಲಸ ಮಾಡುವುದಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ ಹೇಳುತ್ತದೆ. ಅದನ್ನು ತೋರಿಸಿದರೆ "ನನಗೇನು ವಯಸ್ಸಾಗಿದೆಯಾ" ಅಂದರು. ಕೊನೆಗೆ ಉಳಿದದ್ದು ದುಡ್ಡು ಬೇಡದ ಉಪಾಯ. ಮಂಡಿ ನೆಟ್ಟಗಿಟ್ಟು ಕಾಲ್ಬೆರಳುಗಳನ್ನು ಮುಖದ ಕಡೆಗೆ ಎಳೆದು ಹಿಡಿಯುವುದು, ಇಲ್ಲಾ ಗೋಡೆಗೆ ಅಂಗೈ ಒತ್ತಿ ಹಿಮ್ಮಡಿ ನೆಲಕ್ಕೆ ಊರಿ ನಿಲ್ಲುವುದು. ಅರ್ಧ ನಿಮಿಷದಲ್ಲಿ ಬಿಡುತ್ತದೆ. ಮಲಗುವ ಮುಂಚೆ ಹೀಗೇ ಎರಡು ಮೂರು ಸಲ ನಿಂತ ದಿನ ಕೂಗು ಕಮ್ಮಿ. ಮೆಗ್ನೀಸಿಯಂ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ, ಬಿಸಾಡಲು ಬಿಡುತ್ತಿಲ್ಲ.