900 ರೂಪಾಯಿಯ ಒಬಿಡಿ ಸ್ಕ್ಯಾನರ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಇಂಡಿ ಕಡೆಯ ತೋಟಗಳಿಂದ ವಿಜಯಪುರದ ಎಪಿಎಂಸಿಗೆ ನಿಂಬೆಹಣ್ಣಿನ ಚೀಲಗಳನ್ನು ಸಾಗಿಸುವ ನನ್ನ ಪೆಟ್ರೋಲ್ ಸಣ್ಣ ಟ್ರಕ್ಕಿಗಾಗಿ ಇಂಜಿನ್ನಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಮೊಬೈಲಿನಲ್ಲಿ ತೋರಿಸುವ ಈ ಬ್ಲೂಟೂತ್ ಸ್ಕ್ಯಾನರನ್ನು ಕೊಂಡಿದ್ದೆ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವೂ ಹೆಚ್ಚೆನ್ನುತ್ತಿದ್ದೆ. ಪೆಟ್ಟಿಗೆಯ ಮೇಲೆ ಇಎಲ್‌ಎಂ 327 ಎಂದು ಅಚ್ಚಾಗಿದ್ದರೂ ಒಳಗಿರುವುದು ನಕಲು ಚಿಪ್; ಮೊಬೈಲಿನ ಸಂಪರ್ಕ ಆಗಾಗ ಕಡಿದುಹೋಗುತ್ತದೆ. ಇದನ್ನು ಸಿಕ್ಕಿಸುವ ಒಬಿಡಿ ಸಾಕೆಟ್ಟಿಗೆ ಕೀಲಿ ತೆಗೆದ ಮೇಲೂ ಕರೆಂಟು ಇರುವುದರಿಂದ ಇದು ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ. ಹಬ್ಬಕ್ಕೆ ಐದು ದಿನ ಗಾಡಿ ನಿಲ್ಲಿಸಿದ್ದಾಗ ಇದನ್ನು ತೆಗೆದಿಡಲು ಮರೆತು, ಆರನೆಯ ದಿನ ಓಣಿಯವರಿಂದ ತಳ್ಳಿಸಿಕೊಂಡೆ.

ಆದರೂ ಅದನ್ನು ಎಸೆಯದಿರಲು ಕಾರಣವಿದೆ. ಕಳೆದ ಚಳಿಗಾಲದಲ್ಲಿ ಗಾಡಿ ನಿಂತಲ್ಲೇ ನಡುಗತೊಡಗಿತು, ಮೈಲೇಜು 16ರಿಂದ 13ಕ್ಕೆ ಇಳಿಯಿತು. ಮಿಸ್ತ್ರಿ ಪ್ಲಗ್ ಬದಲಿಸಿ, ಥ್ರಾಟಲ್ ತೊಳೆದು, ಮುಂದಿನ ಸಲ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹಾಕಬೇಕು, ನಾಲ್ಕು ಸಾವಿರವಾಗುತ್ತದೆ ಎಂದರು. ಸ್ಕ್ಯಾನರ್ ತೋರಿಸಿದ ಕೋಡ್ ಪಿ 0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಆದರೆ ಬಿಚ್ಚಿದ ಪ್ಲಗ್‌ಗಳು ಮಸಿ ಹಿಡಿದು ಕಪ್ಪಾಗಿದ್ದವು. ಅದು ಪೆಟ್ರೋಲ್ ಹೆಚ್ಚಾದುದರ ಗುರುತು. ಈ ವಿರೋಧ ನನ್ನನ್ನು ಬಿಡಲಿಲ್ಲ.

ಅಂದಿನಿಂದ ಬೆಳಿಗ್ಗೆ ಆರಕ್ಕೆ, ಲೋಡಿಗೆ ಹೊರಡುವ ಮುನ್ನ, ಚಹಾದ ಲೋಟ ಹಿಡಿದು ಫ್ಯೂಯಲ್ ಟ್ರಿಮ್ (ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬ ಅಂಕಿ) ನೋಡುವುದು ನನ್ನ ನಿತ್ಯಕರ್ಮವಾಯಿತು. ಸೆನ್ಸರ್ ಬಿಸಿಯಾಗುವವರೆಗೆ ಅಲ್ಪಾವಧಿ ಟ್ರಿಮ್, ಅಂದರೆ ಆ ಕ್ಷಣದ ತಿದ್ದುಪಡಿ, ಸೊನ್ನೆಯಲ್ಲೇ ನಿಂತಿರುತ್ತದೆ, ಆಮೇಲೆ ಏರುತ್ತದೆ. ಅಲ್ಪಾವಧಿ ಟ್ರಿಮ್ ಮತ್ತು ಓಡುತ್ತಾ ಕಲಿತ ದೀರ್ಘಾವಧಿ ಟ್ರಿಮ್ ಕೂಡಿಸಿದಾಗ ಶೇಕಡಾ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಅದು ಶೇಕಡಾ 24. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ಏರಿಸಿದರೆ 6ಕ್ಕೆ ಇಳಿಯುತ್ತಿತ್ತು. ಪಂಪು ಅಥವಾ ಫಿಲ್ಟರ್ ಸೋತಿದ್ದರೆ ವೇಗ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕಿತ್ತು. ಹಾಗಾಗಿ ಎಲ್ಲಿಂದಲೋ ಗಾಳಿ ನುಸುಳುತ್ತಿದೆ ಎಂಬ ಅನುಮಾನ ಗಟ್ಟಿಯಾಯಿತು.

ಎಲ್ಲಿಂದ ಎಂಬುದಕ್ಕೆ ಮಾತ್ರ ಸ್ಕ್ಯಾನರ್ ಉತ್ತರಿಸಲಿಲ್ಲ, ನನ್ನ ಕಿವಿ ಉತ್ತರಿಸಿತು. ತಣ್ಣನೆಯ ಇಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮೌನ. ಇಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಬಿರಿದು ಅದರ ಅಂಚಿನಲ್ಲಿ ಕಪ್ಪು ಗೆರೆ ಮೂಡಿತ್ತು. ಹೊಗೆಯ ಒಂದು ಹೊಡೆತಕ್ಕೂ ಮತ್ತೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಸೇರಿ, ಅದರಲ್ಲಿನ ಆಮ್ಲಜನಕವನ್ನು ಕಂಡ ಸೆನ್ಸರ್ ಪೆಟ್ರೋಲ್ ಸಾಲದೆಂದು ವರದಿ ಮಾಡುತ್ತಿತ್ತು. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತಿತ್ತು. ಸೆನ್ಸರ್ ಕೆಟ್ಟಿರಲಿಲ್ಲ. ಪ್ಯಾಕಿಂಗಿಗೆ 350, ಕೂಲಿಗೆ 600 ರೂಪಾಯಿ ಹೋಯಿತು.

ಕೋಡ್ ಅಳಿಸಿದರೆ ಕಲಿತ ಟ್ರಿಮ್ ಕೂಡ ಅಳಿಸಿಹೋಗುವುದರಿಂದ ಮೂರು ದಿನ ಓಡಿಸಿ ನೋಡಿದೆ: ಐಡ್ಲಿಂಗ್‌ನಲ್ಲಿ 3. ಕೊಳ್ಳುವವರು ಸಂಪರ್ಕ ಕಡಿಯುವುದನ್ನು ಸಹಿಸಿಕೊಳ್ಳಬೇಕು, ರಾತ್ರಿ ಇದನ್ನು ಕಿತ್ತು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಡಬೇಕು. ನನ್ನದು ಈಗ ತೂಕದ ಚೀಟಿಗಳ ಜೊತೆ ಅಲ್ಲೇ ಮಲಗುತ್ತದೆ.